ರೇಡಿಯೊ ಮುಚ್ಚಿದ ಮೇಲೆ ಮಿಕ್ಕ ಸ್ಕ್ರೂ

ವರ್ತೂರು
೧೨-೧೧-೧೯೮೪

ಪ್ರಮೀಳಾ ಟೀಚರಿಗೆ, ನಿಮ್ಮ ಏಳನೇ ಕ್ಲಾಸಿನ ನಾಗವೇಣಿಯ ಅಕ್ಕ ಮಾಡುವ ನಮಸ್ಕಾರ.

ವಿಜ್ಞಾನದ ತರಬೇತಿ ಮುಗಿಸಿ ಬಂದ ತಾವು, ಹೆಣ್ಣುಮಕ್ಕಳೆಲ್ಲ ಮನೆಯ ಒಂದು ಯಂತ್ರವನ್ನು ಬಿಚ್ಚಿ ನೋಡಬೇಕು ಎಂದಿರಂತೆ. ನಾಗವೇಣಿ ಅಪ್ಪನ ರೇಡಿಯೊ ಬಿಚ್ಚಿ, ಮತ್ತೆ ಜೋಡಿಸಿದಳು. ಅದು ಮೊದಲಿಗಿಂತ ಚೆನ್ನಾಗಿಯೇ ಹಾಡುತ್ತಿದೆ. ಆದರೆ ಒಂದು ಸ್ಕ್ರೂ ಮಿಕ್ಕಿದೆ.

"ಆಡ್ತಾ ಐತಲ್ಲಪ್ಪಾ," ಎಂದಳು.

"ಸ್ಕ್ರೂ ಇಲ್ಲ ಅಂತ ಅದುಕ್ಕಿನ್ನೂ ಗೊತ್ತಾಗಿಲ್ಲ ಕಣಮ್ಮಿ," ಎಂದರು ಅಪ್ಪ. "ಇದು ಎಲ್ಲಿಂದು ಅಂತ ನಿಮ್ಮ ಟೀಚರಮ್ಮ ಬಂದು ಏಳೋಗಂಟ ನಿಂಗೆ ಇಸ್ಕೂಲ್ ಬ್ಯಾಡ."

ಅಮ್ಮ ಯಾವುದಕ್ಕೂ ಇರಲಿ ಎಂದು ಸ್ಕ್ರೂಗೆ ಕುಂಕುಮವಿಟ್ಟು ದೇವರ ಗೂಡಿನಲ್ಲಿ ಇರಿಸಿದ್ದಾಳೆ.

ದಯವಿಟ್ಟು ಭಾನುವಾರ ಬನ್ನಿ. ಗೊತ್ತಿಲ್ಲದಿದ್ದರೂ ಧೈರ್ಯವಾಗಿ ಒಂದು ಜಾಗ ತೋರಿಸಿದರೆ ಸಾಕು, ಅಪ್ಪ ಒಪ್ಪುತ್ತಾರೆ. ಮುಂದಿನ ತರಬೇತಿಯಲ್ಲಿ ಮುಚ್ಚುವುದನ್ನೂ ಕೇಳಿಕೊಂಡು ಬನ್ನಿ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವಳು. ಆದರೂ ಭಾನುವಾರ ತಾವು ಮತ್ತೆ ರೇಡಿಯೊ ಬಿಚ್ಚುವಾಗ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವತ್ತು ಟಾರ್ಚು ಹಿಡಿದವಳು ನಾನೇ. ನಾಗವೇಣಿಯ ತಲೆ ಅಡ್ಡವಿದ್ದು ಒಳಗಿನದು ಏನೂ ಕಾಣಲಿಲ್ಲ.

ದಾರಿ ನೋಡುತ್ತಿರುವ,
ಮುನಿರತ್ನ