ಸೂಜಿಹಕ್ಕಿ ಕೂಗುವ ಹೊತ್ತು

ಮಾರ್ಚ್ 3, ಸೋಮವಾರ

ಇವತ್ತು ಹನ್ನೊಂದು ಜನರ ಕಿವಿ ಪರೀಕ್ಷೆ. ಒಬ್ಬ ಅಜ್ಜ ಹೆಡ್‌ಫೋನ್ ಹಾಕಿಕೊಂಡೇ ಸದ್ದು ನುಸುಳದ ಗಾಜಿನ ಬೂತಿನೊಳಗೆ ಗೊರಕೆ ಹೊಡೆದರು. ಎಬ್ಬಿಸಲು ಮನಸ್ಸಾಗಲಿಲ್ಲ. ಐದು ನಿಮಿಷ ಬಿಟ್ಟೆ.

ಶುಕ್ರವಾರ ಅಕ್ಕನ ಊರಿನಲ್ಲಿ ಟ್ರೇನಿಂಗ್. ಶನಿವಾರ ಮಧ್ಯಾಹ್ನದ ಬಸ್ಸಿಗೆ ವಾಪಸ್. ಭಾವನಿಗೆ ಆಗಲೇ ಸುದ್ದಿ ಮುಟ್ಟಿದೆ. ಫೋನ್ ಮಾಡಿದರು. "ಡಾಕ್ಟ್ರಮ್ಮ, ಕೆರೆಗೆ ಸೂಜಿಹಕ್ಕಿ ಬಂದಿದೆ. ಶನಿವಾರ ಬೆಳಗ್ಗೆ ಹೋಗೋಣ್ವಾ?" ನಾನು ಡಾಕ್ಟರಲ್ಲ, ಯಂತ್ರದಿಂದ ಬೀಪ್ ಕೇಳಿಸುವವಳು. ವರ್ಷಗಟ್ಟಲೆ ಹೇಳಿದ್ದೇನೆ. ಕಿವಿಗೇ ಹಾಕಿಕೊಳ್ಳುವುದಿಲ್ಲ.

ನೋಡೋಣ ಅಂದೆ.

ಮಾರ್ಚ್ 4

ಸೂಜಿಹಕ್ಕಿ ಅನ್ನುವುದು ಭಾವ ಇಟ್ಟ ಹೆಸರು. ಹೆಬ್ಬೆರಳಿನಷ್ಟು ಇರುತ್ತದಂತೆ. ಜೊಂಡಿನೊಳಗೇ ವಾಸ, ಕಣ್ಣಿಗೆ ಬೀಳುವುದಿಲ್ಲ. ದನಿ ಮಾತ್ರ — ತೆಳ್ಳಗೆ, ತುಂಬ ಎತ್ತರದ ಸ್ವರದಲ್ಲಿ, ಯಾರೋ ಮಂಜನ್ನು ಹೊಲಿಯುತ್ತಿರುವ ಹಾಗೆ. ಅಕ್ಕನ ಮದುವೆಯಾದ ವರ್ಷ ಅವರಿಬ್ಬರ ಜೊತೆ ಹೋಗಿ ಕೇಳಿದ್ದೆ. ಮನೆಗೆ ಬಂದ ಮೇಲೂ ದಿನವಿಡೀ ತಲೆಯೊಳಗೆ ಹೊಲಿಗೆ ನಡೆದೇ ಇತ್ತು. ಈ ಕೆಲಸ ಹಿಡಿದದ್ದಕ್ಕೂ ಆ ಬೆಳಗ್ಗೆಯೇ ಕಾರಣವಿರಬೇಕು.

ಹೋಗಬೇಕು. ಬೇಡ...

ಮಾರ್ಚ್ 5, ಊಟದ ಬಿಡುವು

ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ.

ಡಿಸೆಂಬರಿನಲ್ಲಿ ಮಗಳಿಗೆ ಜ್ವರ. ಥರ್ಮಾಮೀಟರ್ ಇಟ್ಟು ಅದರ ಬೀಪಿಗೆ ಕಾಯುತ್ತಲೇ ಇದ್ದೆ. "ಅಮ್ಮ, ಅದು ಆಗ್ಲೇ ಕೂಗ್ತು" ಅಂದಳು. ಕಿವಿ ಹೋಗತೊಡಗಿದರೆ ಇಂಥ ಚೂಪು ಸದ್ದೇ ಮೊದಲು ಹೋಗುವುದು. ಮರುದಿನ ಕೆಲಸದ ಜಾಗದಲ್ಲಿ ಎಲ್ಲರೂ ಹೋದ ಮೇಲೆ ನನ್ನ ಕಿವಿ ನಾನೇ ಪರೀಕ್ಷಿಸಿಕೊಂಡೆ. ಒಂದು ಕೈ ಯಂತ್ರದ ಮೇಲೆ, ಇನ್ನೊಂದು ಬಟನ್ ಮೇಲೆ. ಬೀಪ್ ಬಿಡುವವಳೂ ನಾನೇ, ಕೇಳಿಸಿತು ಅನ್ನುವವಳೂ ನಾನೇ. ಗ್ರಾಫ್ ಚೆನ್ನಾಗಿಯೇ ಬಂತು!

ಹೊಸಬರಿಗೆ ಮೊದಲ ದಿನ ಹೇಳುವ ಪಾಠ — ನಿಮ್ಮ ಕಿವಿ ನೀವೇ ಪರೀಕ್ಷಿಸಬೇಡಿ. ಹೇಳಿಕೊಡುವವಳು ನಾನು. ಆ ಗ್ರಾಫನ್ನು ಡ್ರಾಯರಿಗೆ ತುರುಕಿ ಮೂರು ತಿಂಗಳು ಹಾಯಾಗಿದ್ದೆ.

ಹಕ್ಕಿಯ ಹತ್ತಿರ ಈ ಆಟ ನಡೆಯುವುದಿಲ್ಲ. ಅದು ಯಾವಾಗ ಕೂಗುತ್ತದೋ ಅದಕ್ಕೇ ಗೊತ್ತು. ಹೋಗದಿದ್ದರೆ ಆ ದನಿ ನನ್ನ ಬಳಿ ಇದ್ದ ಹಾಗೇ ಇರುತ್ತದೆ. ಹೆದರಿಕೆಯಾಗುತ್ತಿದೆ.

ಮಾರ್ಚ್ 7, ಸಂಜೆ, ಅಕ್ಕನ ಮನೆ

ಬಾಗಿಲ ಬಳಿ ಮೂರು ಜೊತೆ ಬೂಟು, ಮೇಜಿನ ಮೇಲೆ ತೊಳೆದಿಟ್ಟ ಫ್ಲಾಸ್ಕ್. ತಲೆನೋವು, ನಾಳೆ ಆಗುವುದಿಲ್ಲ ಅಂದುಬಿಟ್ಟೆ. ಮೀನ ಮೇಷ ಎಣಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅಕ್ಕ ಕಾಲೆಳೆದಳು. ಭಾವ ಫ್ಲಾಸ್ಕ್ ಎತ್ತಿ ಶೆಲ್ಫಿಗೆ ಇಟ್ಟರು. ಮುಖ ಸಣ್ಣದಾಗಿತ್ತು.

ಅಡುಗೆಮನೆಯಲ್ಲಿ ಅಕ್ಕ ಮೆಲ್ಲಗೆ ಅಂದಳು, "ವಾರದಿಂದ ದಿನಾ ಹೋಗಿ, ಅದು ಎಲ್ಲಿ ಕೂರತ್ತೆ ಅಂತ ನೋಡ್ಕೊಂಡು ಬಂದಿದ್ದಾರೆ ಕಣೆ. ನಿನಗೋಸ್ಕರ."

ಹೋಗಿ ಫ್ಲಾಸ್ಕ್ ಕೆಳಗಿಳಿಸಿದೆ.

ಮಾರ್ಚ್ 8, ಬಸ್ಸಿನಲ್ಲಿ, ಇನ್ನೂ ಹೊರಟಿಲ್ಲ

ಅಕ್ಕ ಏಳಲಿಲ್ಲ. ನಾವಿಬ್ಬರೇ. ಕೆರೆಯ ತುಂಬ ಮಂಜು, ನೀರು ಎಲ್ಲಿ ಮುಗಿಯಿತೋ ಆಕಾಶ ಎಲ್ಲಿ ಶುರುವಾಯಿತೋ. ಕಪ್ಪೆ ಕೇಳಿಸಿತು. ದೂರದ ಲಾರಿ ಕೇಳಿಸಿತು. ಭಾವನ ಉಸಿರೂ ಕೇಳಿಸಿತು.

ಭಾವ ಬೆರಳೆತ್ತಿದರು. ಹೋದ ವರ್ಷ ಅವರ ಕಿವಿ ಪರೀಕ್ಷಿಸುವಾಗ ನಾನೇ ಕಲಿಸಿದ್ದು — ಕೇಳಿಸಿದಾಗ ಬೆರಳೆತ್ತಿ. ನಾನೂ ಎತ್ತಿದೆ. ಮತ್ತೆ ಎತ್ತಿದರು. ನಾನೂ. ಪಕ್ಕದವಳ ಪೇಪರ್ ನೋಡಿ ಕಾಪಿ ಹೊಡೆಯುವವಳ ಹಾಗೆ.

ಆಮೇಲೆ ಜೊಂಡು ಅಲುಗಿತು. ಬಂತು. ಇಷ್ಟು ವರ್ಷ ಕಣ್ಣಿಗೆ ಬೀಳದ್ದು, ಕೈಗೆಟುಕುವಷ್ಟು ಹತ್ತಿರ, ಒಂದು ದಂಟಿನ ಮೇಲೆ. ಕಂದು ಮೈ, ಗಂಟಲಲ್ಲಿ ಹಳದಿ ಚುಕ್ಕೆ. ಕೊಕ್ಕು ತೆರೆಯಿತು. ಆ ಚುಕ್ಕೆ ನಡುಗಿತು, ನಡುಗುತ್ತಲೇ ಇತ್ತು. ಒಂದಿಷ್ಟೂ ಕೇಳಿಸಲಿಲ್ಲ.

ಕೈ ಇಳಿಸಿದೆ.

"ನಂಗೆ ಕೇಳಿಸ್ತಿಲ್ಲ ಭಾವ."

ಅವರು ನನ್ನ ಕಡೆ ತಿರುಗಲಿಲ್ಲ. ತುಟಿ ಒದ್ದೆ ಮಾಡಿಕೊಂಡು, ಅದು ಕೊಕ್ಕು ತೆರೆದಾಗಲೆಲ್ಲ ಜೊತೆಗೇ ಮೆಲ್ಲಗೆ ಸಿಳ್ಳೆ ಹಾಕತೊಡಗಿದರು. ದಪ್ಪ ಸಿಳ್ಳೆ. ನನ್ನ ಕಿವಿಗೆ ಎಟುಕುವಷ್ಟು ಕೆಳಗಿನ ಸ್ವರ. ಅದೇ ಹೊಲಿಗೆ. ಹಕ್ಕಿ ಹಾರಲಿಲ್ಲ. ಅಳು ಬಂತು, ತಡೆಯಲಿಲ್ಲ.

ಸೋಮವಾರ ಬೂತಿನೊಳಗೆ ನಾನು. ಯಂತ್ರ ಬೇರೆಯವರ ಕೈಯಲ್ಲಿ. ಆ ಕೈ ಕಾಣದ ಹಾಗೆ ಗಾಜಿಗೆ ಬೆನ್ನು ಹಾಕಿ ಕೂರುತ್ತೇನೆ.

ಬಸ್ಸು ಸ್ಟಾರ್ಟ್ ಆಯಿತು. ಕಿಟಕಿಯಾಚೆ ಭಾವ ಏನೋ ಹೇಳುತ್ತಿದ್ದಾರೆ, ಎಂಜಿನ್ ಗದ್ದಲಕ್ಕೆ ತಿಳಿಯುತ್ತಿಲ್ಲ. ಈಗ ಬೆರಳೆತ್ತಿದರು. ತುಟಿ ಚೂಪು ಮಾಡಿದರು. ತಡಿ, ಈ ಗಾಜು ಸರಿಸಿ —