ಬಾಯಲ್ಲಿ ಏನಿದೆ?

ಅತ್ತಿಗೆಗೆ ಮೈದುನನ ನಮಸ್ಕಾರ. ಸುಖವಾಗಿ ಬಂದು ಸೇರಿದ್ದೇನೆ. ಏಳು ಮಹಡಿಯ ಆಸ್ಪತ್ರೆಗೆ ಲಿಫ್ಟ್ ಕೂರಿಸುವ ಕೆಲಸ.

ಇಲ್ಲಿನ ಹಿರಿಯ ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡು ಊಟ ಮಾಡುತ್ತಾರೆ! ಮೊದಲ ದಿನ ನಾನು ಎಂದಿನಂತೆ ವೈರಿಂಗ್ ನಕ್ಷೆ ನೋಡುತ್ತ ಗಬಗಬ ತಿನ್ನುತ್ತಿದ್ದೆ. ಅವರು ನನ್ನ ತಟ್ಟೆಗೆ ಕೈ ಅಡ್ಡ ಹಿಡಿದು, "ಬಾಯಲ್ಲಿ ಏನಿದೆ ಹೇಳಪ್ಪ" ಎಂದರು.

"ಬದನೆಕಾಯಿ" ಎಂದೆ.

"ಅದು ಆಲೂಗಡ್ಡೆ ಕಣಯ್ಯಾ! ಹೊಟ್ಟೆ ಸೇರಿದ್ರೂ ನಿನ್ನ ನಾಲಿಗೆಗೆ ಸುದ್ದೀನೇ ಇಲ್ವಲ್ಲ!"

ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಅಂದಿನಿಂದ ಊಟದ ಹೊತ್ತಿಗೆ ನಕ್ಷೆ ಪೆಟ್ಟಿಗೆಯೊಳಗೆ, ನನ್ನ ಕಣ್ಣೂ ಮುಚ್ಚಿರುತ್ತದೆ. ನಗಬೇಡಿ, ಸೌತೆಕಾಯಿ ಅಗಿದರೆ ಕಿವಿಯೊಳಗೆ ಅಷ್ಟು ಸದ್ದಾಗುತ್ತದೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ನಿನ್ನೆಯಂತೂ ಎರಡು ತುತ್ತು ನಿಧಾನವಾಗಿ ಅಗಿದು, "ಮೆಣಸು ಜಾಸ್ತಿ, ತಳ ಹತ್ತಿದೆ!" ಎಂದು ಜೋರಾಗಿ ಹೇಳಿದೆ. "ಪಾಸಾದೆ ಬಿಡು!" ಎಂದು ಮೆಕ್ಯಾನಿಕ್ ಬೆನ್ನು ತಟ್ಟಿದರು. ಕಣ್ಣು ಬಿಟ್ಟರೆ ಅಡುಗೆಯವರು ಸೌಟು ಹಿಡಿದು ಎದುರಿಗೇ ನಿಂತಿದ್ದಾರೆ. ಇವತ್ತು ನನ್ನ ತಟ್ಟೆಗೆ ಬಿದ್ದದ್ದು ಅರ್ಧ ಸೌಟು.

ಹೊರಡುವಾಗ ಇದ್ದ ನನ್ನ ಕೆಮ್ಮು ಪೂರ್ತಿ ವಾಸಿಯಾಗಿದೆ, ಅಣ್ಣನಿಗೆ ತಿಳಿಸಿ. ಮೇಲಿನ ಮಹಡಿಯಿಂದ ಕೂಗುತ್ತಿದ್ದಾರೆ, ಓಡಬೇಕು.

ಒಂದು ಮಾತು ಕೇಳಲು ನಾಚಿಕೆಯಾಗುತ್ತಿದೆ. ಹೊರಡುವ ದಿನ ನೀವು ಎಲ್ಲರಿಗಿಂತ ಮೊದಲೇ ಎದ್ದು ಬುತ್ತಿ ಕಟ್ಟಿಕೊಟ್ಟಿರಿ. ರೈಲಿನಲ್ಲಿ ಒಂದಗುಳೂ ಬಿಡದೆ ಖಾಲಿ ಮಾಡಿದೆ. ಆದರೆ ಅದರಲ್ಲಿ ಏನಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ತಪ್ಪಾಯಿತು ಅತ್ತಿಗೆ. ಏನು ಮಾಡಿದ್ದಿರಿ, ಬರೆದು ತಿಳಿಸಿ.

ನಿಮ್ಮ ಮೈದುನ