ಕೂದಲೆಳೆ ಕಟ್ಟೆಯಲ್ಲಿ ಎದ್ದು ನಿಂತದ್ದು

ಕಪ್ಪತಗುಡ್ಡದ ತಪ್ಪಲು
ಇಸವಿ ೨೨೩೧, ಹದಿಮೂರನೆಯ ತಿಂಗಳ ಎಂಟನೆಯ ದಿನ, ಗುರುವಾರ

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಫಕೀರವ್ವನ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಎಂದು ನಗಬೇಡಿ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ, ಹಾಗಾಗಿ ಒಂದು ತಿಂಗಳು ಹೆಚ್ಚು. ನೀವು ಕೇಳದ ಪದಗಳು ನಡುವೆ ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಾನು ಮಂದಗಾಡಿಯ ಚಾಲಕಿ. ಗಾಳಿಯಂತ್ರದ ರೆಕ್ಕೆಗಳನ್ನು ಗುಡ್ಡದ ಮೇಲಕ್ಕೆ ಹೊತ್ತೊಯ್ಯುವ ಉದ್ದನೆಯ ವಾಹನ ಅದು. ಮನುಷ್ಯ ನಡೆಯುವುದಕ್ಕಿಂತ ಜೋರಾಗಿ ಓಡುವಂತಿಲ್ಲ. ಗಾಡಿಗಳು ತಾವೇ ಓಡುವ ಕಾಲ ಇದು, ನಿಜ. ಆದರೆ ಗುಡ್ಡದ ತಿರುವಿನಲ್ಲಿ ಇನ್ನೂರಡಿ ರೆಕ್ಕೆ ತಿರುಗಿಸಲು ಈಗಲೂ ಮನುಷ್ಯರ ಕಣ್ಣೇ ಬೇಕು. ಗಾಡಿಯ ಮುಂದೆ ಒಬ್ಬರು ಕೆಂಪು ಬಾವುಟ ಹಿಡಿದು ನಡೆಯುತ್ತಾರೆ. ಗಂಡಾದರೂ ಹೆಣ್ಣಾದರೂ ಅವರನ್ನು ಮುನ್ನಡಿಗ ಎನ್ನುತ್ತೇವೆ. ಒಂಬತ್ತು ವರ್ಷದಿಂದ ನನ್ನ ಮುನ್ನಡಿಗ ನೀಲಗಂಗಾ.

ನಿಮ್ಮ ಕಾಲದ ಪತ್ರಿಕೆಗಳನ್ನು ನಾವು ಶಾಲೆಯಲ್ಲಿ ಓದುತ್ತೇವೆ. ‘ಕೂದಲೆಳೆ ಅಂತರದಲ್ಲಿ ಪಾರು’ ಎಂದು ಎಷ್ಟು ಸಲ ಬರೆದಿದ್ದೀರಿ! ಬಸ್ಸು ಸೇತುವೆಯ ಅಂಚಿಗೆ ಬಂದು ನಿಂತಿತು, ಸಾರುವೆಯ ಹಲಗೆ ಮುರಿದರೂ ಗಾರೆಯವನು ಹಗ್ಗಕ್ಕೆ ಜೋತುಬಿದ್ದು ಉಳಿದ. ಆಮೇಲೆ ಏನು ಮಾಡುತ್ತಿದ್ದಿರಿ? ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆದು, ಚಹಾ ಕುಡಿದು, ‘ಮನೇಲಿ ಹೇಳಬೇಡ ಮಾರಾಯ’ ಎಂದು ಮುಗಿಸುತ್ತಿದ್ದಿರಿ. ಮುರುಕು ಹಲಗೆ ಅಲ್ಲೇ ಇರುತ್ತಿತ್ತು. ಬೈಯಬೇಕೆನಿಸುತ್ತದೆ, ಹಿರಿಯರೆಂದು ಸುಮ್ಮನಿದ್ದೇನೆ.

ನಿಮ್ಮ ಆ ಮಾತಿನಿಂದಲೇ ನಮ್ಮ ಕೂದಲೆಳೆ ಕಟ್ಟೆಗೆ ಹೆಸರು ಬಂತು. ಪ್ರತಿ ಗುರುವಾರ ಕೆಲಸಕ್ಕೆ ಮುಂಚೆ ಎಲ್ಲರೂ ಅಲ್ಲಿ ಕೂರುತ್ತೇವೆ. ಆ ವಾರ ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನು ಅವರವರೇ ಎದ್ದು ಹೇಳಬೇಕು. ಯಾರೂ ಬೈಯುವಂತಿಲ್ಲ, ಶಿಕ್ಷೆಯೂ ಇಲ್ಲ. ಹೇಳಿದವರ ಕೈಗೆ ಒಂದು ಚೂರು ಬೆಲ್ಲ ಕೊಟ್ಟು, ಎಡವಟ್ಟು ಎಲ್ಲಾಯಿತೆಂದು ಹುಡುಕಿ ಅವತ್ತೇ ಸರಿಪಡಿಸುತ್ತಾರೆ. ನಲವತ್ತೊಂದು ವರ್ಷದಿಂದ ಈ ಗುಡ್ಡದಲ್ಲಿ ಕೆಲಸಕ್ಕೆ ಹೋದವರು ಎಲ್ಲರೂ ಮನೆಗೆ ಮರಳಿದ್ದಾರೆ.

ಮೊನ್ನೆ ಮಂಗಳವಾರ ಮಧ್ಯಾಹ್ನ ಮೂರನೇ ತಿರುವಿನಲ್ಲಿ ನೀಲಗಂಗಾ ನಿಲ್ಲಿಸು ಎಂದು ಬಾವುಟ ಎತ್ತಿದಳು. ನನಗೆ ಕಾಣಲಿಲ್ಲ. ಎಡಗಣ್ಣಿಗೆ ಮಸುಕು ಬಂದು ನಾಲ್ಕು ತಿಂಗಳಾಗಿತ್ತು, ಯಾರಿಗೂ ಹೇಳಿರಲಿಲ್ಲ. ಅವಳು ಚೀರಿ ಚರಂಡಿಗೆ ಹಾರಿದಳು. ಮುಂದಿನ ಚಕ್ರ ಅವಳ ಚಪ್ಪಲಿಯ ಮೇಲೆ ಹೋಗಿ ನಿಂತಿತು. ಚಪ್ಪಲಿಯೊಳಗೆ ಕಾಲಿರಲಿಲ್ಲ, ದೇವರು ದೊಡ್ಡವನು.

ಇಳಿದು ಓಡಿ ಬಂದ ನನ್ನ ಬೆನ್ನನ್ನು ಅವಳೇ ತಟ್ಟಿದಳು. ‘ಏನೂ ಆಗ್ಲಿಲ್ಲಲ್ಲ, ಬಿಡಬೇ ಯಕ್ಕಾ. ಕಟ್ಟ್ಯಾಗ ಹೇಳಬ್ಯಾಡ. ಹೇಳಿದ್ರ ನಿನ್ನ ಗಾಡಿ ಬಿಡಿಸ್ತಾರ.’

ಇನ್ನೂರು ವರ್ಷವಾದರೂ ನಿಮ್ಮ ಆ ‘ಹೇಳಬೇಡ’ ಎಂಬ ಮಾತು ಸತ್ತಿಲ್ಲ, ನೋಡಿ. ನಾನು ಬಿಟ್ಟರೆ ಗಾಡಿ ತನ್ನ ಕೈಗೇ ಬರುತ್ತದೆಂದು ಗೊತ್ತಿದ್ದೂ ಹಾಗೆ ಹೇಳಿದಳು. ಅವಳ ಮಾತು ನಿಜವೇ. ಈ ಮಸುಕಿಗೆ ನಮ್ಮಲ್ಲೂ ಮದ್ದಿಲ್ಲ, ಮಸುಕು ಕಣ್ಣಿನವರಿಗೆ ಗಾಡಿ ಕೊಡುವುದಿಲ್ಲ. ಇಪ್ಪತ್ತಾರು ವರ್ಷ ನಡೆಸಿದ ಗಾಡಿ ಬಿಟ್ಟರೆ ನಾನು ಯಾರು ಎಂದುಕೊಂಡು ಎರಡು ದಿನ ಅನ್ನ ಇಳಿಯಲಿಲ್ಲ.

ಇವತ್ತು ಬೆಳಿಗ್ಗೆ ಕಟ್ಟೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಕಟ್ಟೆಯ ಹಿರಿಯ ಚನ್ನವೀರಪ್ಪ ನನಗೆ ಬೆಲ್ಲ ಕೊಟ್ಟು, ಎಲ್ಲರ ಕಡೆ ತಿರುಗಿ, ‘ಈಕಿ ಒಬ್ಬಾಕಿಗೇ ಏನು, ಮತ್ಯಾರಿಗರ ಹಿಂಗ ಆಗೇತೇನು?’ ಎಂದು ಕೇಳಿದ. ಆಮೇಲೆ ಕ್ರೇನ್ ನಡೆಸುವ ಮಾಬೂಸಾಬ ಎದ್ದ. ಕೈ ನಡುಗುವುದನ್ನು ಮುಚ್ಚಿಟ್ಟಿದ್ದನಂತೆ. ಅವನ ಹಿಂದೆ ಇನ್ನೂ ಇಬ್ಬರು ಎದ್ದರು. ನಾನು ಅತ್ತುಬಿಟ್ಟೆ, ದುಃಖಕ್ಕೋ ಸಮಾಧಾನಕ್ಕೋ ತಿಳಿಯಲಿಲ್ಲ.

ನನ್ನದೊಂದು ವಿನಂತಿ. ಇವತ್ತೂ ನಿಮ್ಮಲ್ಲಿ ಯಾರೋ ಸರಿಯಾದ ಹೊತ್ತಿಗೆ ಬ್ರೇಕು ಒತ್ತಿ ಉಳಿದಿರುತ್ತಾರೆ, ಏಣಿ ಜಾರಿದರೂ ಬೀಳದೆ ನಿಂತಿರುತ್ತಾರೆ. ಕಾಯಿ ಒಡೆಯಿರಿ, ಬೇಡವೆನ್ನುವುದಿಲ್ಲ. ಒಡೆದ ಮೇಲೆ ಜೊತೆಯವರನ್ನು ಕೂರಿಸಿಕೊಂಡು ನಡೆದದ್ದನ್ನು ಹೇಳಿ. ಮೊದಲ ಕಟ್ಟೆಯನ್ನು ಯಾರು ಕಟ್ಟಿದರೆಂದು ನಮಗೆ ಗೊತ್ತಿಲ್ಲ. ನಿಮ್ಮಲ್ಲೇ ಒಬ್ಬರಿರಬೇಕು.

ನಾಳೆಯಿಂದ ನೀಲಗಂಗಾ ಚಾಲಕಿ, ನಾನು ಮುನ್ನಡಿಗ. ನೆಲ ನೋಡಿ ನಡೆಯಲು ಬಲಗಣ್ಣು ಸಾಕು. ಅಷ್ಟು ದೊಡ್ಡ ಗಾಡಿಗೆ ಬೆನ್ನು ಕೊಟ್ಟು ನಡೆಯಬೇಕೆಂದರೆ ನನಗೂ ಭಯವೇ. ಆದರೆ ಅವಳಿಗೆ ಕಣ್ಣು ಮಸುಕಾದ ದಿನ ಅವಳು ಹೇಳುತ್ತಾಳೆ. ನಾನು ಹಿಂದೆ ತಿರುಗಿ ನೋಡದೆ ನಡೆಯುತ್ತೇನೆ.

ಇಂತಿ ನಿಮ್ಮವಳೇ ಆದ,
ಫಕೀರವ್ವ